ಮೋಡ ಕವಿದ ದಿನ ಮೇವು ಕಡಿಮೆ ಮಾಡಿ

ಪುಣೆ ಜಿಲ್ಲೆಯ ಇಂದಾಪುರದ ಹತ್ತಿರ, ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರಿನ ಕಡೆ ಒಂದು ಮೀನಿನ ಫಾರ್ಮ್ ನೋಡಿಕೊಳ್ಳುತ್ತೇನೆ. ಕಾಟ್ಲಾ, ರೋಹು, ಮೃಗಾಲ್ ಸಾಕುತ್ತೇವೆ. ಕೆಲಸದವರೆಲ್ಲ ಇಂಡಿ, ಅಫಜಲಪುರದ ಕಡೆಯವರು. ಹೊಂಡದ ದಂಡೆ ಮೇಲೆ ದಿನವಿಡೀ ಕನ್ನಡವೇ.

ಎರಡು ವರ್ಷದ ಹಿಂದಿನ ಆಗಸ್ಟ್. ಮೂರು ದಿನದಿಂದ ಬಿಸಿಲಿರಲಿಲ್ಲ. ಮಾರಾಟಕ್ಕೆ ಒಂದೇ ತಿಂಗಳು ಉಳಿದಿತ್ತು. ತೂಕ ಬರಲಿ ಅಂತ ನಾನು ಮೇವು ಕಡಿಮೆ ಮಾಡಲಿಲ್ಲ. ಕರೆಂಟ್ ಬಿಲ್ ಉಳಿಯಲಿ ಅಂತ ರಾತ್ರಿ ನೀರಿಗೆ ಗಾಳಿ ಬೆರೆಸುವ ಏರೇಟರ್ ಕೂಡ ಬಂದ್ ಮಾಡಿಸಿದೆ.

ನಸುಕಿನ ನಾಲ್ಕೂವರೆಗೆ ಫೋನ್. "ಸರ್, ಲಗೂನ ಬರ್ರಿ. ಮೀನೆಲ್ಲಾ ಮ್ಯಾಲ ಬಂದು ಬಾಯಿ ತಗ್ಯಾಕತ್ತಾವ."

ಟಾರ್ಚ್ ಬೆಳಕು ಬಿಟ್ಟೆ. ನೀರಿನ ತುಂಬ ದುಂಡನೆಯ ಬಾಯಿಗಳು, ಚಪ್ ಚಪ್ ಸದ್ದು. ಬೆಳಕಿಗೆ ಬೆದರಿ ಒಂದು ಮೀನೂ ಕೆಳಗೆ ಹೋಗಲಿಲ್ಲ. ಲೀಟರಿಗೆ 5 ಮಿಲಿಗ್ರಾಂ ಇರಬೇಕಾದ ಆಮ್ಲಜನಕ ಮೀಟರಿನಲ್ಲಿ 1.2 ತೋರಿಸುತ್ತಿತ್ತು. ಬೆಳಗಾಗುವಷ್ಟರಲ್ಲಿ ದೊಡ್ಡ ಕಾಟ್ಲಾಗಳು ತೇಲಿದವು. ವರ್ಷವಿಡೀ ಕೈಯಾರೆ ಮೇವು ಹಾಕಿದ ಮೀನನ್ನು ಬುಟ್ಟಿಯಲ್ಲಿ ಎತ್ತಿ ಗುಂಡಿಗೆ ಸುರಿಯುವುದು ಸುಲಭವಲ್ಲ.

ಹಗಲು ಬಿಸಿಲಿದ್ದರೆ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಅದನ್ನು ಎಳೆದುಕೊಳ್ಳುತ್ತದೆ. ತಿನ್ನದೆ ಉಳಿದ ಮೇವು ತಳದಲ್ಲಿ ಕೊಳೆಯುವಾಗ ಇನ್ನಷ್ಟು ಎಳೆಯುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆಯೇ ಅಪಾಯ ಜಾಸ್ತಿ. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನದೇ. ಅದನ್ನೇ ಕೊಟ್ಟು ನಾನು ಮೀನಿನ ಉಸಿರು ಕಟ್ಟಿಸಿದ್ದೆ. ಈಗ ಮೋಡವಿದ್ದರೆ ಮೇವು ಅರ್ಧ, ಮಳೆ ಹಿಡಿದರೆ ಪೂರ್ತಿ ಬಂದ್. ಮಧ್ಯರಾತ್ರಿಯಿಂದ ಬೆಳಗಿನ ತನಕ ಏರೇಟರ್ ನಿಲ್ಲುವುದಿಲ್ಲ. ಬಿಲ್ ಬರಲಿ, ಕೊಡುತ್ತೇವೆ.

ಆ ದಿನ ಇನ್ನೊಂದು ಮಾತೂ ಆಯಿತು. ಉಳಿದ ಮೀನು ಉಳಿಸಲು ತಳದ ಕಪ್ಪು ನೀರು ತೆಗೆಯಬೇಕಿತ್ತು. ಹಳ್ಳಕ್ಕೆ ಬಿಡಿ ಅಂದೆ. ಪಂಪ್ ಹಿಡಿದು ನಿಂತಿದ್ದ ಅಫಜಲಪುರದ ಕಾಕಾ ಕದಲಲಿಲ್ಲ. "ಮೊದಲೇ ಪುಣೆದ ಗಟಾರ ನೀರು ಮುಳಾ-ಮುಠಾದಾಗ ಹರದು ಭೀಮಾಕ್ಕ ಬರ್ತೈತ್ರಿ. ಇದನ್ನೂ ಬಿಟ್ರ ಹ್ಯಾಂಗ? ಆ ಹೊಳಿ ನಮ್ಮೂರಿಗೇ ಬರೂದು."

ಪಕ್ಕದ ರೈತರನ್ನು ಕೇಳಿ ಪೈಪನ್ನು ಅವರ ಕಬ್ಬಿನ ಹೊಲಕ್ಕೆ ತಿರುಗಿಸಿದೆವು. ಈಗ ಹೊಂಡ ಖಾಲಿ ಮಾಡುವ ಮುಂಚೆ ಅವರೇ ಬಂದು ಕಾಲುವೆ ಸರಿಮಾಡಿಕೊಂಡು ಹೋಗುತ್ತಾರೆ.