ಗ್ಯಾಸ್ಟ್ರಿಕ್ ಎನ್ನುವ ಮೊದಲು ನಾನು ಕೇಳುವ ಪ್ರಶ್ನೆಗಳು

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರನ್ನು ಮೊದಲು ಮಾತನಾಡಿಸಿ, ಯಾರು ಕಾಯಬಹುದು, ಯಾರು ಕಾಯಬಾರದು ಎಂದು ವಿಂಗಡಿಸುವುದು ಶುಶ್ರೂಷಕಿಯಾಗಿ ನನ್ನ ಕೆಲಸ. ಎದೆನೋವು ಎಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಅದನ್ನು ವೈದ್ಯರು ನೋಡಿರಬೇಕು. ವಯಸ್ಸು ಇಪ್ಪತ್ತೆರಡಾದರೂ ಇದರಲ್ಲಿ ರಿಯಾಯಿತಿ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಹೃದಯ ತಪಾಸಣೆಗೆ ಯುವಕರು ಸಾಲುಗಟ್ಟಿದರು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮತ್ತೆ ಅದೇ ಆಯಿತು. ಹೀಗೆ ಹೆದರಿ ಬರುವ ಯುವಜನರಲ್ಲಿ ಬಹುಪಾಲಿನವರ ನೋವು ಹೃದಯದ್ದಾಗಿರುವುದಿಲ್ಲ. ನನಗೆ ಹೆಚ್ಚು ಕಳವಳ ಹುಟ್ಟಿಸುವವರು ‘ವಾಯು ಹಿಡಿದಿದೆ’ ಎಂದು ಓಮದ ನೀರು, ಸೋಡಾ ಕುಡಿದು ಇಡೀ ರಾತ್ರಿ ಮನೆಯಲ್ಲೇ ಕಳೆದು ಬರುವವರು.

‘ಎಲ್ಲಿ ನೋವು, ತೋರಿಸಿ’ ಎನ್ನುತ್ತೇನೆ. ಒಂದೇ ಬೆರಳಿನಿಂದ ಜಾಗ ಗುರುತಿಸಿದರೆ, ಅಲ್ಲಿ ಒತ್ತಿದಾಗ ‘ಅಯ್ಯೋ’ ಎಂದರೆ, ಪಕ್ಕೆಲುಬು ಎದೆಮೂಳೆಗೆ ಸೇರುವಲ್ಲಿರುವ ಮೃದ್ವಸ್ಥಿಯ ಉರಿಯೂತ ಇರಬಹುದು. ವಾರಗಟ್ಟಲೆ ಕೆಮ್ಮಿದವರಲ್ಲಿ, ಜಿಮ್‌ನಲ್ಲಿ ಹೊಸದಾಗಿ ಭಾರ ಎತ್ತಿದವರಲ್ಲಿ ಇದನ್ನು ಕಾಣುತ್ತೇವೆ. ಆದರೂ ಒತ್ತಿದರೆ ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ಹೃದಯವನ್ನು ಬದಿಗಿಡಲಾಗದು. ಇನ್ನು ಹದಿಹರೆಯದವರು ಸುಮ್ಮನೆ ಕುಳಿತಿದ್ದಾಗ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಗಿ, ಉಸಿರೆಳೆದರೆ ಹೆಚ್ಚಿ, ಕೆಲವು ಸೆಕೆಂಡು ಅಥವಾ ನಿಮಿಷಗಳಲ್ಲಿ ತಾನಾಗಿ ಮಾಯವಾಗುವ ನೋವೊಂದಿದೆ. ಅದು ನಿರಪಾಯಕಾರಿ, ಔಷಧಿಯೂ ಬೇಕಿಲ್ಲ.

ಮುಂದಿನ ಪ್ರಶ್ನೆ ಉಸಿರಿನದು. ತೆಳ್ಳಗೆ ಎತ್ತರವಾಗಿರುವ ಹುಡುಗ, ಅದರಲ್ಲೂ ಸಿಗರೇಟು ಸೇದುವವನು, ಇದ್ದಕ್ಕಿದ್ದಂತೆ ಒಂದೇ ಪಕ್ಕದಲ್ಲಿ ಚುಚ್ಚುತ್ತದೆ, ಪೂರ್ತಿ ಉಸಿರು ಎಳೆಯಲಾಗುತ್ತಿಲ್ಲ ಎಂದರೆ ಅವನನ್ನು ಕಾಯುವ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಶ್ವಾಸಕೋಶದ ಮೇಲ್ಭಾಗದ ಸಣ್ಣ ಗುಳ್ಳೆಯೊಂದು ಒಡೆದು, ಗಾಳಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಸೋರಿರಬಹುದು. ಓಡುತ್ತಿರಬೇಕು, ಭಾರ ಎತ್ತಿರಬೇಕು ಎಂದೇನಿಲ್ಲ. ಮೊಬೈಲ್ ನೋಡುತ್ತಾ ಕುಳಿತವನಿಗೂ ಆಗುತ್ತದೆ. ವೈದ್ಯರು ಸ್ಟೆತಸ್ಕೋಪ್ ಇಟ್ಟಾಗ ಆ ಪಕ್ಕದಲ್ಲಿ ಉಸಿರಿನ ಸದ್ದು ಕ್ಷೀಣವಾಗಿರುತ್ತದೆ, ಎಕ್ಸ್-ರೇ ಖಚಿತಪಡಿಸುತ್ತದೆ. ಸೋರಿಕೆ ಸಣ್ಣದಿದ್ದರೆ ನಿಗಾ ಸಾಕು, ದೊಡ್ಡದಾದರೆ ಸೂಜಿಯಿಂದಲೋ ಕೊಳವೆಯಿಂದಲೋ ಗಾಳಿ ಹೊರತೆಗೆಯಬೇಕು. ರಕ್ತದೊತ್ತಡ ಕುಸಿಯತೊಡಗಿದರೆ ಎಕ್ಸ್-ರೇಗೂ ಕಾಯುವಂತಿಲ್ಲ.

‘ಮಲಗಿದರೆ ಹೇಗಿರುತ್ತದೆ?’ ಎಂದೂ ಕೇಳುತ್ತೇನೆ. ಮಲಗಿದಾಗ ಹೆಚ್ಚಿ, ಮುಂದಕ್ಕೆ ಬಾಗಿ ಕುಳಿತರೆ ತಗ್ಗುವ ನೋವು ಹೃದಯದ ಹೊರಪೊರೆಯ ಉರಿಯೂತದ ಲಕ್ಷಣ. ಇತ್ತೀಚೆಗೆ ಜ್ವರ, ನೆಗಡಿ ಬಂದಿತ್ತೇ ಎಂಬುದು ಇಲ್ಲಿ ಮುಖ್ಯ. ಉರಿಯೂತ ಹೃದಯದ ಸ್ನಾಯುವಿಗೂ ಹರಡಿದ್ದರೆ ತಿಂಗಳುಗಟ್ಟಲೆ ಕ್ರೀಡೆ, ಜಿಮ್ ನಿಲ್ಲಿಸಬೇಕಾಗುತ್ತದೆ. ಯುವಕರಿಗೆ ಈ ಮಾತನ್ನು ಒಪ್ಪಿಸುವುದು ಕಷ್ಟ. ಅದಕ್ಕೇ ತಾಯಿಯೋ ಅಣ್ಣನೋ ಪಕ್ಕದಲ್ಲಿದ್ದಾಗಲೇ ಹೇಳುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಜೊತೆಗೆ ಬಂದವರನ್ನು ಪರದೆಯ ಆಚೆ ಕಳುಹಿಸಿಯೇ ಮಾತಿಗೆ ಕೂರುತ್ತೇನೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಅತ್ತೆಯ ಎದುರು ಯಾವ ಸೊಸೆ ಹೇಳುತ್ತಾಳೆ? ಆ ಮಾತ್ರೆ, ಇತ್ತೀಚಿನ ಹೆರಿಗೆ, ಮುರಿದ ಕಾಲಿನ ಪ್ಲಾಸ್ಟರ್, ಒಂದು ಮೀನಖಂಡ ಮಾತ್ರ ಊದಿಕೊಂಡಿರುವುದು – ಇವುಗಳಲ್ಲಿ ಯಾವುದಿದ್ದರೂ, ಉಸಿರೆಳೆದಾಗ ಚುಚ್ಚುವ ನೋವು ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪಿನದಾಗಿರಬಹುದು. ಬಾಣಂತಿಗೆ ‘ಶೀತ ಆಗಿದೆ, ಬೆಚ್ಚಗೆ ಮಲಗು’ ಎನ್ನುವ ಮನೆಗಳಲ್ಲಿ ಇದು ಕಣ್ತಪ್ಪಿ ಹೋಗುತ್ತದೆ.

ಹೊಟ್ಟೆ, ಅನ್ನನಾಳದ ಕಡೆಗೆ ನಾನು ಬರುವುದು ಇಷ್ಟೆಲ್ಲ ಕೇಳಿದ ಮೇಲೆ. ಆಮ್ಲ ಮೇಲೇರಿ ಎದೆಯುರಿ ಬರುವುದು ಸಾಮಾನ್ಯವೇ. ಮೊಡವೆಗೆಂದು ಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗುವವರಿಗೆ ಅದು ಅನ್ನನಾಳದಲ್ಲೇ ಸಿಕ್ಕಿ ಹುಣ್ಣು ಮಾಡುತ್ತದೆ. ನುಂಗುವಾಗಲೆಲ್ಲ ಎದೆಯ ನಡುವೆ ನೋಯುತ್ತದೆ. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿದ್ದರೆ ಇದನ್ನು ತಪ್ಪಿಸಬಹುದು. ವಿಪರೀತ ಗಾಬರಿಯಿಂದಲೂ ಎದೆ ಬಿಗಿಯುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ. ಆ ನೋವು ನಿಜವಾದದ್ದೇ, ನಾಟಕವಲ್ಲ. ಆದರೆ ಬೇರೆ ಅಪಾಯಗಳಿಲ್ಲ ಎಂದು ಖಾತ್ರಿಯಾಗುವವರೆಗೆ ಯಾರಿಗೂ ‘ಟೆನ್ಷನ್’ ಎಂಬ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಹೃದಯಾಘಾತದ ನೋವು ಸಾಮಾನ್ಯವಾಗಿ ಚುಚ್ಚುವುದಕ್ಕಿಂತ ಹಿಂಡುತ್ತದೆ, ಭಾರ ಹೇರಿದಂತಿರುತ್ತದೆ. ದವಡೆಗೆ, ತೋಳಿಗೆ ಹರಡುತ್ತದೆ, ಬೆವರು ಬಿಡಿಸುತ್ತದೆ. ತಂಬಾಕು, ಸಕ್ಕರೆ ಕಾಯಿಲೆ, ತಂದೆಗೋ ಅಣ್ಣನಿಗೋ ಸಣ್ಣ ವಯಸ್ಸಿನಲ್ಲೇ ಹೃದಯಾಘಾತ ಆಗಿರುವುದು – ಇಂಥವರಲ್ಲಿ ಮೂವತ್ತರ ಹರೆಯ ರಕ್ಷಣೆಯೇನಲ್ಲ. ಮೊದಲ ಇಸಿಜಿ ಸರಿಯಿದ್ದರೂ ‘ಸ್ವಲ್ಪ ಹೊತ್ತು ಇರಿ’ ಎಂದು ನಾವು ತಡೆಯುವುದು ಬಿಲ್ ಬೆಳೆಸಲು ಅಲ್ಲ. ಇಸಿಜಿಯನ್ನು ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಟ್ರೊಪೋನಿನ್ ಎಂಬ ಪ್ರೋಟೀನ್ ಏರಲು ಕೆಲವು ಗಂಟೆ ಹಿಡಿಯುವುದರಿಂದ ಆ ಪರೀಕ್ಷೆಯನ್ನೂ ಮರುಮಾಡಬೇಕಾಗುತ್ತದೆ.

ದೊಡ್ಡ ಆಸ್ಪತ್ರೆ ದೂರವಿದೆ ಎಂದು ಬೆಳಗಿನವರೆಗೆ ಕಾಯುವ ಅಗತ್ಯವಿಲ್ಲ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ತಜ್ಞರ ಸಲಹೆ ಪಡೆಯುವ ಏರ್ಪಾಡಿದೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತ. ನೋವು ಹತ್ತು ನಿಮಿಷ ಬಿಡದಿದ್ದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲಿಟ್ಟರೆ 108ಕ್ಕೆ ಕರೆ ಮಾಡಿ. ದಯವಿಟ್ಟು ನೀವೇ ಬೈಕ್ ಓಡಿಸಿಕೊಂಡು ಬರಬೇಡಿ.