ಮೂಟೆ ಕೊನೆಗೂ ಗುಂಡಿಗೆ ಬಿತ್ತು

ನಾನು ಮಾಡುತ್ತಿರುವ ಕಂಪ್ಯೂಟರ್ ಆಟದಲ್ಲಿ ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೂಟೆ ಗುಂಡಿಗೆ ಬಿತ್ತು. ಅಂಚಿಗೆ ಅಂಚು ಕೂತು, ನೆಲಕ್ಕೆ ಸಮವಾಗಿ. 19 ದಿನದಿಂದ ಇದಕ್ಕೇ ಒದ್ದಾಡುತ್ತಿದ್ದೆ.

ಚಿತ್ರ, ಸದ್ದು, ಮೆನು ಎಲ್ಲ ಹೋದ ತಿಂಗಳೇ ಆಯಿತು, ಅದು ಬಿಡಿ. ಕಾಫಿ ಕಣದಲ್ಲಿ ಹುಡುಗಿ ಓಡುತ್ತಾಳೆ, ಜಿಗಿಯುತ್ತಾಳೆ, ಮೂಟೆ ತಳ್ಳಿ ದಾರಿ ಮಾಡಿಕೊಳ್ಳುತ್ತಾಳೆ. ತೊಂದರೆ ಇದ್ದದ್ದು ತಳ್ಳುವುದರಲ್ಲಿ.

ಮೂಟೆ 16 ಪಿಕ್ಸೆಲ್ ಅಗಲ. ಗುಂಡಿಯೂ 16. ತಳ್ಳುವ ವೇಗ ಸೆಕೆಂಡಿಗೆ 40 ಪಿಕ್ಸೆಲ್. ಆಟ ಕಟ್ಟಲು ಬಳಸುವ ಗೊಡೊ ಎಂಜಿನ್ ಸೆಕೆಂಡಿಗೆ 60 ಸಲ ಫಿಸಿಕ್ಸ್ (ಚಲನೆ, ಡಿಕ್ಕಿ) ಲೆಕ್ಕ ಹಾಕುತ್ತದೆ, ಅಂದರೆ ಒಂದು ಸಲಕ್ಕೆ 0.67 ಪಿಕ್ಸೆಲ್. ಬೀಳಬೇಕಾದ ಆ ಒಂದೇ ಜಾಗ ಎರಡು ಲೆಕ್ಕಗಳ ನಡುವೆ ಜಾರಿಹೋಗುತ್ತಿತ್ತು. ಮೂಟೆ ಗುಂಡಿಯೇ ಇಲ್ಲ ಅನ್ನುವ ಹಾಗೆ ದಾಟಿ ಹೋಗುತ್ತಿತ್ತು! ಮೂಟೆಯ ಕೊಲಿಷನ್ ಅಗಲ, ಅಂದರೆ ಡಿಕ್ಕಿಗೆ ಲೆಕ್ಕ ಹಿಡಿಯುವ ಅಗಲ, 14ಕ್ಕೆ ಇಳಿಸಿದೆ. ಬಿತ್ತು, ಆದರೆ ಒಂದು ಪಕ್ಕಕ್ಕೆ ಸರಿದು ಕೂತಿತು. ಮೂರು ಪೇರಿಸಿದರೆ ಮೇಲಿನದು ಹೊರಗೆ ಚಾಚಿಕೊಂಡು, ಜಿಗಿದ ಹುಡುಗಿಯ ತಲೆಗೆ ಬಡಿಯುತ್ತಿತ್ತು.

ಇದರ ಮಧ್ಯೆ ಹೊಸ ಕಂಟ್ರೋಲರ್ ಕಾಟ. ಬಲಕ್ಕೆ ಒತ್ತಿದರೆ ಮೇಲಿನದೂ ಒತ್ತಿಕೊಳ್ಳುತ್ತಿತ್ತು. ನನ್ನ ಕೋಡ್‌ನದೇ ತಪ್ಪು ಅಂತ ಎರಡು ಸಂಜೆ ಹುಡುಕಿದೆ. ಮಾರಿದವರಿಗೆ ವಿಡಿಯೊ ಕಳಿಸಿದರೆ, 'ಬ್ಯಾಟರಿ ಬದಲಿಸಿ ನೋಡಿ' ಅಂದರು. ಅದು ತಂತಿಯ ಕಂಟ್ರೋಲರ್.

ದಾರಿ ಸಿಕ್ಕಿದ್ದು ಕರೆಂಟ್ ಹೋದ ಸಂಜೆ. ಚಿಕ್ಕಮಗಳೂರಿನ ಮಳೆ ಗೊತ್ತಲ್ಲ, ಕಂಪ್ಯೂಟರ್ ಮುಚ್ಚಿಟ್ಟು ಅಜ್ಜಿ ಜೊತೆ ಚೌಕಾಬಾರಕ್ಕೆ ಕೂತೆ. ಕಾಯಿ ನಡೆಸುವಾಗ ಮೊಣಕೈ ತಾಗಿ ನನ್ನ ಬಳೆಚೂರು ಗೆರೆ ಮೇಲೆ ನಿಂತಿತು. ಅಜ್ಜಿ ಬೆರಳಿಂದ ಒಳಗೆ ತಳ್ಳಿ, 'ಯಾವ ಮನೇಲಿದೆ ಹೇಳು, ಗೆರೆ ಮೇಲೆ ಯಾರೂ ಇರಲ್ಲ' ಅಂದರು.

ಅಷ್ಟೇ! ಮೂಟೆಗೆ ಫಿಸಿಕ್ಸ್ ಬೇಕಾಗಿಯೇ ಇರಲಿಲ್ಲ. ಅದಕ್ಕೆ ಮನೆ ಬೇಕಿತ್ತು. 1982ರ ಸೊಕೊಬಾನ್ ಆಟದಲ್ಲಿ ಪೆಟ್ಟಿಗೆ ಸರಿಯುವುದು ಹಾಗೇ, ಒಂದೊಂದೇ ಮನೆ. 1986ರ ಸಾಲೊಮನ್ಸ್ ಕೀ ಆಟದಲ್ಲಿ ನಾಯಕ ಡಾನಾ ಬೇಕಾದಲ್ಲಿ ಜಿಗಿಯುತ್ತಾನೆ, ಆದರೆ ಅವನು ಸೃಷ್ಟಿಸುವ ಕಲ್ಲು ಮನೆ ಬಿಟ್ಟು ಕದಲುವುದಿಲ್ಲ. ಇಂಥ ಆಟಗಳು ನನಗೆ ಇಷ್ಟವಾಗುವುದೇ ಇದಕ್ಕೆ. ಜಿಗಿತ ಬೆರಳಿನ ಕೆಲಸ, ತಪ್ಪಿದರೆ ತಕ್ಷಣ ಮತ್ತೆ ಜಿಗಿಯಬಹುದು. ಮೂಟೆ ಹಾಗಲ್ಲ, ಒಮ್ಮೆ ಮೂಲೆಗೆ ಸೇರಿದರೆ ಮುಗೀತು. ಹುಡುಗಿಗೆ 6 ಫ್ರೇಮ್ (ಸೆಕೆಂಡಿನ ಹತ್ತನೇ ಒಂದು ಭಾಗ) ಕಯೋಟಿ ಟೈಮ್ ಕೊಟ್ಟಿದ್ದೇನೆ, ಅಂದರೆ ಅಂಚು ದಾಟಿದ ಮೇಲೂ ಅಷ್ಟು ಹೊತ್ತು ಜಿಗಿಯಬಹುದು. ಮೂಟೆಗೆ ಒಂದು ಪಿಕ್ಸೆಲ್ ಕೂಡ ಸಡಿಲ ಕೊಡಬಾರದು.

ಈಗ 9 ಫ್ರೇಮ್ ಒತ್ತಿ ಹಿಡಿದರೆ ಕೋಡ್ ಮುಂದಿನ ಮನೆ ನೋಡುತ್ತದೆ. ಖಾಲಿ ಇದ್ದರೆ ಮೂಟೆ 8 ಫ್ರೇಮ್‌ನಲ್ಲಿ, ಫ್ರೇಮಿಗೆ 2 ಪಿಕ್ಸೆಲ್‌ನಂತೆ, ಪೂರ್ತಿ ಸರಿಯುತ್ತದೆ. ಆಮೇಲೆ ಕೆಳಗಿನ ಮನೆ ನೋಡಿ ಬೀಳುತ್ತದೆ. ಹುಡುಗಿಯ ಕೋಡ್ ಮುಟ್ಟಲೇ ಇಲ್ಲ.

ಮುಂದಿನ ಆಟವೂ ತಲೆಯಲ್ಲಿ ಶುರುವಾಗಿದೆ. ಬೇಲೂರು ಇಲ್ಲೇ ಹತ್ತಿರ, ಹೋಗಿ ಬಂದಾಗಿಂದ ಬಳಪದ ಕಲ್ಲಿನದೇ ಯೋಚನೆ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ತಾಗುತ್ತಾ ಗಟ್ಟಿ ಅಂತಾರಲ್ಲ, ಅದನ್ನೇ ನಿಯಮ ಮಾಡಬೇಕು. ಹೊಸ ಕಲ್ಲನ್ನು 10 ಸೆಕೆಂಡಿನೊಳಗೆ ಕೆತ್ತಿ ಮೆಟ್ಟಿಲು ಮಾಡಬೇಕು, ಆಮೇಲೆ ಬರೀ ತಳ್ಳಬಹುದು.

ಅದಕ್ಕೂ ಮೊದಲು ಇದರಲ್ಲಿ ಒಂದು ಬಾಕಿ ಇದೆ. ಮೂಟೆ ಬೀಳುವ ಮನೆಯಲ್ಲಿ ಹುಡುಗಿಯೇ ನಿಂತಿದ್ದರೆ ಏನು ಮಾಡುವುದು? ಸದ್ಯ ಮೂಟೆ ಅವಳ ತಲೆ ಮೇಲೆ ಕಾಯುತ್ತದೆ, ಅವಳು ಸರಿದ ತಕ್ಷಣ ಬೀಳುತ್ತದೆ. ಅಕ್ಕನ ಮಗಳು ಅದನ್ನೇ ಛತ್ರಿ ಮಾಡಿಕೊಂಡು ನಾಲ್ಕನೇ ಹಂತ ದಾಟಿದಳು. ಹಾಗೇ ಬಿಡೋಣ ಅನ್ನಿಸ್ತಿದೆ.