ಹುಕ್ಕು ಅಂಟಿಸೋ ಮುಂಚೆ ಗೋಡೆ ಮೇಲೆ ಒಂದ್ಸಲ ಕೈ ಸವರಿ

ಮೈಸೂರಲ್ಲಿ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ ಎಲ್ಲೇ ಬಾಡಿಗೆ ಮನೆ ನೋಡೋಕೆ ಹೋಗಿ, ಅಡ್ವಾನ್ಸು, ಬಾಡಿಗೆ, ನೀರು ಕರೆಂಟು ಎಲ್ಲಾ ಮಾತಾದ್ಮೇಲೆ ಓನರ್ ಆಂಟಿ ಬಾಗಿಲ ಹತ್ರ ನಿಂತು ಹೇಳೋ ಮಾತು ಒಂದೇ, "ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ ಕಣಮ್ಮ, ಈಗಷ್ಟೇ ಪೈಂಟ್ ಮಾಡ್ಸಿದೀವಿ." ಅವ್ರದ್ದೂ ತಪ್ಪಿಲ್ಲ ಬಿಡಿ. ಡ್ರಿಲ್ ಹಾಕಿದ್ರೆ ಗಾರೆ ಎದ್ದು ಬರತ್ತೆ, ಸ್ವಿಚ್ ಬೋರ್ಡ್ ಮೇಲ್ಗಡೆ ನೆಟ್ಟಗೆ ಗೋಡೆ ಒಳಗೇ ವೈರ್ ಹೋಗಿರತ್ತೆ, ಬಾತ್‌ರೂಮ್ ಗೋಡೇಲಿ ಪೈಪ್ ಇರತ್ತೆ, ಎಲ್ಲಿ ಏನಿದೆ ಅಂತ ಬಾಡಿಗೆಗೆ ಬಂದವರಿಗೆ ಹೇಗೆ ಗೊತ್ತಾಗ್ಬೇಕು. ಆದ್ರೆ ಮೊಳೆ ಬೇಡ ಅಂದ ಮಾತ್ರಕ್ಕೆ ವರ್ಷಗಟ್ಟಲೆ ಬೋಳು ಗೋಡೆ ಮಧ್ಯೆ ಬದುಕ್ಬೇಕು ಅಂತೇನಿಲ್ಲ. ಮಗು ಬಿಡಿಸಿದ ಚಿತ್ರ, ಬೀಗದ ಕೈ, ಕ್ಯಾಲೆಂಡರು, ಅಡುಗೆ ಮನೆ ಜರಡಿ ಸೌಟು ಎಲ್ಲದಕ್ಕೂ ಒಂದು ಜಾಗ ಅಂತ ಇದ್ರೇನೇ ಅದು ನಮ್ಮನೆ ಅನ್ಸೋದು, ಬಾಡಿಗೆದೇ ಆಗ್ಲಿ.

ಅದಕ್ಕೆ ಈ ಅಂಟಿಸೋ ಹುಕ್ಕುಗಳು. ಸಂತೇಪೇಟೆಗೆ ಹೋದ್ರೆ ರಾಶಿ ರಾಶಿ ಸಿಗತ್ತೆ, ಆನ್‌ಲೈನ್‌ನಲ್ಲೂ ಸಿಗತ್ತೆ, ಎಲ್ಲರ ಮನೇಲೂ ಒಂದಲ್ಲ ಒಂದು ಇದ್ದೇ ಇರತ್ತೆ, ಹಾಗೇ ಎಲ್ಲರ ಬಾಯಲ್ಲೂ ಒಂದು ದೂರು ಇರತ್ತೆ, "ಅಯ್ಯೋ ಅದು ನಿಲ್ಲಲ್ಲ ಕಣ್ರೀ, ಎರಡೇ ದಿನಕ್ಕೆ ಬಿತ್ತು" ಅಂತ. ಬಿದ್ದ ಹುಕ್ಕನ್ನ ಎತ್ತಿ ಹಿಂದುಗಡೆ ತಿರುಗ್ಸಿ ನೋಡಿ. ತುಂಬಾ ಸಲ ಅಲ್ಲಿ ಬಿಳೀ ಪುಡಿನೋ ಪೈಂಟಿನ ತೆಳು ಪದರಾನೋ ಹಿಡ್ಕೊಂಡಿರತ್ತೆ. ಅಂದ್ರೆ ಗಮ್ಮು ತನ್ನ ಕೆಲ್ಸ ಮಾಡಿದೆ, ಹಿಡ್ಕೊಂಡಿದ್ದನ್ನ ಬಿಟ್ಟಿಲ್ಲ, ಗೋಡೆ ಮೇಲಿನ ಪದರಾನೇ ಗೋಡೆಯಿಂದ ಬಿಟ್ಕೊಂಡು ಬಂದಿದೆ. ನಾನು ಎಲ್ಲರಿಗೂ ಹೇಳೋದು ಇದನ್ನೇ, ಹುಕ್ಕಿನ ಬ್ರ್ಯಾಂಡು ರೇಟು ಎಲ್ಲಾ ಆಮೇಲೆ ನೋಡೋಣ, ಮೊದ್ಲು ಗೋಡೆ ನೋಡಿ.

ಹೇಗೆ ನೋಡೋದು ಅಂದ್ರೆ, ಅಂಗೈನ ಗೋಡೆ ಮೇಲೆ ಗಟ್ಟಿಯಾಗಿ ಸವರಿ. ಕೈಗೆ ಬಿಳೀ ಪುಡಿ ಬಂತಾ, ಅದು ಸುಣ್ಣ ಇಲ್ಲಾ ಡಿಸ್ಟೆಂಪರು, ಅಲ್ಲಿ ಯಾವ ಹುಕ್ಕೂ ನಿಲ್ಲಲ್ಲ, ಎಷ್ಟೇ ದುಬಾರೀದು ತಂದ್ರೂ ಅಷ್ಟೇ. ಪುಡಿ ಬರ್ಲಿಲ್ಲ ಅಂದ್ರೆ ಇನ್ನೊಂದು ಪರೀಕ್ಷೆ, ಬೀರು ಹಿಂದೆ ಯಾರಿಗೂ ಕಾಣದ ಮೂಲೇಲಿ ಒಂದು ತುಂಡು ಸೆಲೋಟೇಪ್ ಒತ್ತಿ ಅಂಟ್ಸಿ, ಚೂರು ಹೊತ್ತು ಬಿಟ್ಟು ಕಿತ್ತು ನೋಡಿ, ಟೇಪ್ ಜೊತೆ ಬಣ್ಣ ಬಂದ್ರೆ ಪುಟ್ಟಿ ಕೆಲ್ಸ ಸರಿಯಾಗಿಲ್ಲ ಅಂತ. ಅಂಥ ಗೋಡೆಗೆ ಹುಕ್ಕು ಅಂಟಿಸಿದ್ರೆ ತೆಗೆಯೋವಾಗ ಅಷ್ಟಗಲ ಪೈಂಟೂ ಕಿತ್ಕೊಂಡು ಬರತ್ತೆ, ಅಲ್ಲಿಗೆ ಮೊಳೆ ಹೊಡೆದಿದ್ದೇ ವಾಸಿ ಆಗಿತ್ತು ಅನ್ನೋ ಹಾಗಾಗತ್ತೆ, ಅಡ್ವಾನ್ಸಲ್ಲೂ ಹಿಡ್ಕೋತಾರೆ.

ಮಂಡ್ಯದಲ್ಲಿ ನಮ್ಮತ್ತೆ ಮನೆ ಇದೆ, ಹಳೇ ಹೆಂಚಿನ ಮನೆ, ವರ್ಷಾ ವರ್ಷಾ ಹಬ್ಬಕ್ಕೆ ಸುಣ್ಣ ಹೊಡೆಸಿ ಹೊಡೆಸಿ ಗೋಡೆ ಮೇಲೆ ಸುಣ್ಣದ್ದೇ ಒಂದು ದಪ್ಪ ಪದರ ಆಗಿದೆ. ಅಲ್ಲಿಗೆ ಹುಕ್ಕು ತಗೊಂಡು ಬಾ ಅಂದಿದ್ರು, ನಾನು ಬೇಡ ಅತ್ತೆ ಅಂದೆ, ಗೋಡೆ ಹಾಳಾಗತ್ತೆ. ಅದೇ ಮನೆ ಅಡುಗೆ ಮನೇಲಿ ಒಲೆ ಕಟ್ಟೆ ಹಿಂದೆ ಇತ್ತೀಚೆಗೆ ಟೈಲ್ಸ್ ಹಾಕ್ಸಿದ್ದಾರೆ, ಅದರ ಮೇಲೆ ಅಂಟಿಸಿಕೊಟ್ಟೆ, ಸೌಟು, ಜಾಲರಿ, ಚಿಮಟ ಎಲ್ಲಾ ಜಮ್ ಅಂತ ಕೂತಿದೆ. ಒಂದೇ ಮನೆ, ಒಂದೇ ಪ್ಯಾಕೆಟ್ ಹುಕ್ಕು, ಮೇಲ್ಮೈ ಮಾತ್ರ ಬೇರೆ. ಗ್ಲೇಸ್ಡ್ ಟೈಲ್ಸು, ಗಾಜು, ಪಾಲಿಶ್ ಮಾಡಿದ ಗ್ರಾನೈಟು, ಸ್ಟೀಲ್ ಬೀರು ಪಕ್ಕ, ಲ್ಯಾಮಿನೇಟ್ ವಾರ್ಡ್ರೋಬು, ವಾರ್ನಿಶ್ ಹಚ್ಚಿದ ಬಾಗಿಲು, ಆಯಿಲ್ ಪೈಂಟ್ ಹೊಡೆದ ಗೋಡೆ, ಇಷ್ಟೂ ಕಡೆ ಧೈರ್ಯವಾಗಿ ಅಂಟಿಸ್ಬಹುದು. ಒಳ್ಳೇ ಎಮಲ್ಷನ್ ಪೈಂಟ್ ಆದ್ರೂ ಪರವಾಗಿಲ್ಲ, ಹಗುರದ್ದಕ್ಕೆ. ಇಟ್ಟಿಗೆ, ತರಿ ತರಿ ಟೆಕ್ಸ್ಚರ್ ಪೈಂಟು, ವಾಲ್‌ಪೇಪರ್, ಪಾಲಿಶ್ ಇಲ್ಲದ ಕಡಪ ಕಲ್ಲು ಇವೆಲ್ಲ ಬೇಡ.

ಇನ್ನೊಂದು, ಹೊಸಾ ಪೈಂಟ್. ಬಾಡಿಗೆ ಮನೆ ಅಂದ್ರೆ ಪೈಂಟ್ ವಾಸನೆ ಹೋಗೋ ಮುಂಚೇನೇ ಹಾಲು ಉಕ್ಸಿ ಸಾಮಾನು ಇಳ್ಸಿರ್ತೀವಿ, ಅವತ್ತೇ ಸಂಜೆ ಗಡಿಯಾರ ನೇತು ಹಾಕೋ ಆತುರ ಎಲ್ಲರಿಗೂ. ಬಣ್ಣ ಕೈಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಪೂರ್ತಿ ಗಟ್ಟಿಯಾಗಿರಲ್ಲ. 3ಎಂ ಕಂಪನಿಯ ಕಮಾಂಡ್ ಹುಕ್ಕುಗಳ ಸೂಚನೇಲಿ ಪೈಂಟ್ ಆದ್ಮೇಲೆ 7 ದಿನ ಕಾಯಿರಿ ಅಂತಿದೆ, ಮಳೆಗಾಲದಲ್ಲಿ ನಾನಾದ್ರೆ ಇನ್ನೂ ಜಾಸ್ತಿ ಕಾಯೋಕೆ ಹೇಳ್ತೀನಿ, ತಂಡಿ ಹಿಡಿದ ಗೋಡೆ ಬೇಗ ಒಣಗಲ್ಲ. ಗೋಡೇಲಿ ಉಪ್ಪು ಎದ್ದು ಪೈಂಟ್ ಉಬ್ಬಿರೋ ಜಾಗ ಇದ್ರೆ ಅದರ ತಂಟೆಗೇ ಹೋಗ್ಬೇಡಿ.

ಈಗ ತೂಕದ ವಿಷ್ಯ. ಒಂದ್ಸಲ ಸಂತೇಪೇಟೆ ಅಂಗಡೀಲಿ ಪಾರದರ್ಶಕ ಹುಕ್ಕು ತೋರಿಸಿ ಹುಡುಗ "ಅಕ್ಕ, ಇದು 10 ಕೆಜಿ ತಡ್ಯತ್ತೆ" ಅಂದ. ಸುಣ್ಣದ ಗೋಡೆ ಮೇಲಾನಪ್ಪಾ ಅಂದೆ. "ಇಲ್ಲಕ್ಕ, ಟೈಲ್ಸ್ ಮೇಲೆ, ಅದೂ ಚೆನ್ನಾಗಿ ಒರೆಸಿದ್ರೆ" ಅಂದ, ಪ್ರಾಮಾಣಿಕವಾಗಿ ಹೇಳ್ದ ಪಾಪ. ಪ್ಯಾಕೆಟ್ ಮೇಲಿನ ಕೆಜಿ ಲೆಕ್ಕ ಎಲ್ಲಾ ನಯವಾದ, ಶುದ್ಧವಾದ ಮೇಲ್ಮೈಗೆ ಅನ್ನೋದು ನೆನಪಿರ್ಲಿ. ಕಮಾಂಡ್ ಅವ್ರ ಲೆಕ್ಕ ನೋಡಿದ್ರೆ ಚಿಕ್ಕ ಹುಕ್ಕಿಗೆ 450 ಗ್ರಾಂ, ಮಧ್ಯಮದ್ದಕ್ಕೆ 1.3 ಕೆಜಿ, ದೊಡ್ಡದಕ್ಕೆ 2.2 ಕೆಜಿ ಅಂತ ಇರತ್ತೆ, ನನಗೆ ಅಂಥ ಹದವಾದ ಲೆಕ್ಕದ ಮೇಲೇ ನಂಬಿಕೆ. ಅದರಲ್ಲೂ ಬರೆದಿರೋ ಅರ್ಧದಷ್ಟು ತೂಕಕ್ಕೆ ನಿಲ್ಲಿಸಿದ್ರೆ ನೆಮ್ಮದಿ.

ತೂಕಕ್ಕಿಂತ ಮುಖ್ಯ ಅದು ಯಾವ ಕಡೆ ಎಳೀತಿದೆ ಅನ್ನೋದು. ಕನ್ನಡಿಗೆ ಅಂಟಿಸಿಟ್ಟ ಸ್ಟಿಕ್ಕರ್ ಬೊಟ್ಟು ನೋಡಿ, ಬೆರಳಿಂದ ಕೆಳಕ್ಕೆ ತಳ್ಳಿದ್ರೆ ಸುಲಭಕ್ಕೆ ಜಾರಲ್ಲ, ಅದೇ ಉಗುರಿಂದ ಒಂದು ಅಂಚು ಎತ್ತಿದ್ರೆ ಪಟ್ ಅಂತ ಬಂದ್ಬಿಡತ್ತೆ. ಹುಕ್ಕೂ ಅಷ್ಟೇ. ಗೋಡೆಗೆ ಒತ್ಕೊಂಡು ನೆಟ್ಟಗೆ ಕೆಳಕ್ಕೆ ತೂಗೋ ವಸ್ತು, ಕ್ಯಾಲೆಂಡರು, ತೆಳು ಫ್ರೇಮು, ಇವು ಅಂಟಿನ ಇಡೀ ಅಗಲದ ಮೇಲೆ ಭಾರ ಹಂಚತ್ತೆ, ನಿಲ್ಲತ್ತೆ. ಉಬ್ಬಿದ ಬ್ಯಾಗು, ಗೋಡೆಯಿಂದ ಮುಂದಕ್ಕೆ ಚಾಚಿರೋ ಉದ್ದ ಕೊಂಡಿ, ಇವು ಹುಕ್ಕಿನ ಮೇಲಂಚನ್ನ ಗೋಡೆಯಿಂದ ಎಬ್ಬಿಸ್ತಾ ಇರತ್ತೆ, ಒಂದ್ಸಲ ಮೇಲಂಚು ಎದ್ರೆ ಮಿಕ್ಕಿದ್ದು ತಾನಾಗೇ ಬಿಚ್ಕೊಳತ್ತೆ. ಮಕ್ಕಳ ಸ್ಕೂಲ್ ಬ್ಯಾಗ್ ಬೇಡ ಅನ್ನೋದು ಇದಕ್ಕೇನೇ, ತೂಕಾನೂ ಜಾಸ್ತಿ, ಬಂದ ತಕ್ಷಣ ಎಸೆದ ಹಾಗೆ ನೇತು ಹಾಕ್ತಾರೆ, ತೆಗೆಯೋವಾಗ ತಮ್ಮ ಕಡೆಗೆ ಜಗ್ಗಿ ಎಳೀತಾರೆ. ಟವೆಲ್ ವಿಷ್ಯಾನೂ ಹೀಗೇ, ಒಣಗಿದ್ದಾಗಿನ ತೂಕಕ್ಕೂ ಸ್ನಾನ ಆದ್ಮೇಲಿನ ತೂಕಕ್ಕೂ ಅಜಗಜಾಂತರ, ದಪ್ಪ ಟರ್ಕಿ ಟವೆಲ್ ಆದ್ರೆ ದೊಡ್ಡ ಹುಕ್ಕೇ ಹಾಕಿ.

ಅಂಟಿಸೋ ಕ್ರಮ ಹೇಳ್ತೀನಿ, ಇಲ್ಲಿ ಯಾರೂ ಆತುರ ಪಡ್ಬಾರ್ದು ಅಂತ ನನ್ನ ಕೋರಿಕೆ. ಗೋಡೇನ ಬರೀ ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಲಲ್ಲ. ಮೆಡಿಕಲ್ ಶಾಪಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಕೇಳಿ, ಸಣ್ಣ ಬಾಟ್ಲಿ ಸಾಕು, ಹತ್ತೀಲಿ ಅದ್ದಿ ಒರೆಸಿ, ಒಣಗೋಕೆ ಬಿಡಿ. ಗಾಜು ಒರೆಸೋ ಸ್ಪ್ರೇ, ಫಿನೈಲು, ಪರಿಮಳದ ಕ್ಲೀನರ್ ಬೇಡ, ಅವು ಒಣಗಿದ್ಮೇಲೂ ಒಂದು ತೆಳು ಜಿಡ್ಡು ಬಿಟ್ಟು ಹೋಗತ್ತೆ. ಕೈಗೆ ಹಚ್ಚೋ ಸ್ಯಾನಿಟೈಸರ್ ಜೆಲ್ಲೂ ಬೇಡ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಥರದ್ದು ಸೇರ್ಸಿರ್ತಾರೆ. ನಮ್ಮ ಅಡುಗೆ ಮನೆ ಟೈಲ್ಸ್ ಅಂತೂ ಒಗ್ಗರಣೆ ಎಣ್ಣೆ ಹೊಗೆ ಕುಡಿದು ಕುಡಿದು ಕಣ್ಣಿಗೆ ಶುದ್ಧವಾಗಿ ಕಂಡ್ರೂ ಕೈಗೆ ಜಿಡ್ಡೇ, ಮೊದ್ಲು ಪಾತ್ರೆ ಸೋಪಲ್ಲಿ ತೊಳೆದು, ಒಣಗಿಸಿ, ಆಮೇಲೆ ಆಲ್ಕೋಹಾಲ್. ಗಮ್ಮಿನ ಮೇಲಿನ ಹಾಳೆ ಬಿಡಿಸಿದ ಮೇಲೆ ಬೆರಳು ತಾಗಿಸ್ಬೇಡಿ, 30 ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡೀರಿ, ಆಮೇಲೆ ಕನಿಷ್ಠ 1 ಗಂಟೆ ಏನೂ ನೇತು ಹಾಕ್ಬೇಡಿ. ಯಾಕೆ ಕಾಯ್ಬೇಕು ಅಂದ್ರೆ ಆ ಗಮ್ಮು ಪೂರ್ತಿ ಗಟ್ಟಿ ಪದಾರ್ಥ ಅಲ್ಲ, ತುಂಬಾ ಮಂದವಾದ ದ್ರವದ ಗುಣಾನೂ ಅದಕ್ಕಿದೆ, ಒತ್ತಡಕ್ಕೆ ನಿಧಾನವಾಗಿ ಹರಿದು ಗೋಡೆ ಮೇಲಿನ ಕಣ್ಣಿಗೆ ಕಾಣದ ತಗ್ಗುಗಳಿಗೆ ಇಳಿಯತ್ತೆ, ಎಷ್ಟು ಇಳೀತೋ ಅಷ್ಟು ಹಿಡಿತ. ಪಾರದರ್ಶಕ ಹುಕ್ಕಿಗೆ ನಾನು ಒಂದು ರಾತ್ರಿ ಪೂರ್ತಿ ಬಿಡ್ತೀನಿ.

ಶಾಖಕ್ಕೂ ಇದಕ್ಕೂ ಆಗ್ಬರಲ್ಲ. ಕಮಾಂಡ್ ಅವ್ರು 10ರಿಂದ 40 ಡಿಗ್ರಿ ಒಳಗೆ ಬಳಸಿ ಅಂತಾರೆ, ಮೈಸೂರಿನ ಗಾಳಿ ಬಿಸಿ 40 ಮುಟ್ಟೋದು ಅಪರೂಪ, ಆದ್ರೆ ಏಪ್ರಿಲ್‌ನಲ್ಲಿ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಪೂರ್ತಿ ಬಿಸಿಲು ಹೊಡೆದ್ರೆ ಆ ಗೋಡೇನೇ ಕಾದ್ಕೊಂಡಿರತ್ತೆ, ಗಮ್ಮು ಮೆತ್ತಗಾಗಿ ಹುಕ್ಕು ಮೆಲ್ಲಗೆ ಜಾರ್ತಾ ಬರತ್ತೆ. ಒಲೆ ನೆತ್ತಿ ಮೇಲೂ ಬೇಡ. ಬಾತ್‌ರೂಮಿಗೆ ನೀರು ತಡೆಯೋ ಗಮ್ಮಿನ ಪಟ್ಟಿಗಳು ಬೇರೆ ಬರತ್ತೆ, ಅದನ್ನೇ ಕೇಳಿ ತಗೊಳ್ಳಿ, ಸ್ನಾನದ ಹಬೆ ಪೂರ್ತಿ ಆರಿದ ಮೇಲೆ ಅಂಟ್ಸಿ. ವ್ಯಾಕ್ಯೂಮ್ ಹುಕ್ಕು ಅಂತ ರಬ್ಬರ್ ಬಟ್ಟಲಿನ ತರದ್ದು ಬರತ್ತಲ್ಲ, ಅದರಲ್ಲಿ ಗಮ್ಮೇ ಇಲ್ಲ, ಹೊರಗಿನ ಗಾಳಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಲೆಕ್ಕದಲ್ಲಿ ಅದನ್ನ ಟೈಲ್ಸಿಗೆ ಅದುಮಿ ಹಿಡ್ದಿರತ್ತೆ, ಅಂಚಲ್ಲಿ ಚೂರು ಗಾಳಿ ನುಸುಳಿದ್ರೂ ಮುಗೀತು. ಎರಡು ಟೈಲ್ಸ್ ಮಧ್ಯದ ಗೀರಿನ ಮೇಲೆ ಅದು ನಿಲ್ಲೋದೇ ಇಲ್ಲ, ಒಂದೇ ಟೈಲ್ಸಿನ ನಟ್ಟನಡುವೆ ಹಾಕಿ, ಆಗಾಗ ಒತ್ತಿ ಕೂರಿಸ್ತಾ ಇರಿ.

ಎಲ್ಲಿ ಹಾಕ್ಲೇಬಾರ್ದು ಅನ್ನೋದನ್ನ ಗಟ್ಟಿಯಾಗಿ ಹೇಳ್ಬೇಕು. ಮಂಚದ ತಲೆ ಮೇಲೆ, ತೊಟ್ಟಿಲ ಮೇಲೆ ಗಾಜಿನ ಫ್ರೇಮ್ ಬೇಡವೇ ಬೇಡ. ದೇವ್ರ ಮನೇಲಿ ದೀಪದ ನೇರಕ್ಕೆ ಮೇಲೆ ಬೇಡ, ಶಾಖ ಇರತ್ತೆ, ಬಿದ್ರೆ ಉರಿಯೋ ದೀಪದ ಮೇಲೇ ಬೀಳೋದು. ಹಿರಿಯರ ಒಂದೇ ಒಂದು ಹಳೇ ಫೋಟೋ ಉಳ್ದಿರತ್ತೆ, ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಅದನ್ನ ಗಮ್ಮು ನಂಬಿ ನೇತು ಹಾಕ್ಬೇಡಿ. ಮೈಸೂರು ಶೈಲಿ ಚಿತ್ರ, ಚಿನ್ನದ ರೇಕಿಂದು, ತೇಗದ ಚೌಕಟ್ಟು ಗಾಜು ಎಲ್ಲಾ ಸೇರಿ ಭಾರ ಇರತ್ತೆ, ಅದಕ್ಕೆ ಓನರ್ ಹತ್ರ ಕೇಳಿ ಒಂದೇ ಒಂದು ಮೊಳೆಗೆ ಒಪ್ಪಿಗೆ ತಗೊಳ್ಳಿ. ಮರ್ಯಾದೆಯಾಗಿ, ಎಲ್ಲಿ ಅಂತ ಜಾಗ ತೋರಿಸಿ ಕೇಳಿದ್ರೆ ಒಪ್ಕೊಳೋರೂ ಇದಾರೆ. ಒಪ್ಲಿಲ್ಲ ಅಂದ್ರೆ ಶೋಕೇಸ್ ಮೇಲೆ ಗೋಡೆಗೆ ಒರಗಿಸಿಡಿ, ಅದೂ ಚೆಂದವೇ.

ಹಬ್ಬಕ್ಕೆ ಮಾತ್ರ ಈ ಹುಕ್ಕಿನಷ್ಟು ಉಪಕಾರ ಯಾವುದೂ ಇಲ್ಲ. ಯುಗಾದಿಗೆ ಮಾವಿನ ತೋರಣ ಕಟ್ಟೋಕೆ ಬಾಗಿಲ ಚೌಕಟ್ಟಿನ ಎರಡೂ ತುದೀಗೆ ಚಿಕ್ಕ ಹುಕ್ಕು ಒಂದೊಂದು, ವರ್ಷ ಪೂರ್ತಿ ಅಲ್ಲೇ ಇರತ್ತೆ, ಶುಕ್ರವಾರದ ಹೂವಿನ ಹಾರಕ್ಕೂ ಆಗತ್ತೆ. ದಸರಾದಲ್ಲಿ ನಾವು ಗೊಂಬೆ ಕೂರಿಸ್ತೀವಿ, ಮೆಟ್ಟಿಲ ಹಿಂದೆ ಗೋಡೆಗೆ ಸೀರೆ ಇಳಿ ಬಿಡೋದು ಪ್ರತಿ ವರ್ಷದ ಕೆಲ್ಸ, ಸಾಲಾಗಿ ಹುಕ್ಕು ಅಂಟಿಸಿ, ಉದ್ದಕ್ಕೆ ಒಂದು ಹಗುರ ಕೋಲು ಇಟ್ಟು, ಅದರ ಮೇಲೆ ಸೀರೆ ಹೊದಿಸಿದ್ರೆ ಭಾರ ಎಲ್ಲಾ ಹುಕ್ಕಿಗೂ ಹಂಚತ್ತೆ, ನೆರಿಗೆಗಳೂ ಅಂದವಾಗಿ ಬೀಳತ್ತೆ. ರೇಷ್ಮೆ ಸೀರೆ ಉಡಿಸೋ ಆಸೆ ಇದ್ರೆ ಹುಕ್ಕು ಜಾಸ್ತಿ ಹಾಕಿ. ಸೀರಿಯಲ್ ಸೆಟ್ ಲೈಟಿಗೆ ಪುಟಾಣಿ ಕ್ಲಿಪ್ ಬರತ್ತೆ, ಅದು ಸಾಕು.

ಸುಣ್ಣದ ಗೋಡೆ ಇರೋರು ಬೇಜಾರ್ ಮಾಡ್ಕೋಬೇಡಿ, ಅಗ್ರಹಾರ ಕಡೆ ಹಳೇ ಮನೆಗಳಲ್ಲಿ ಇರೋ ಎಷ್ಟೋ ಜನ ಇದನ್ನ ಕೇಳಿದಾರೆ. ಗೋಡೆ ಬಿಟ್ಟು ಮಿಕ್ಕಿದ್ದನ್ನೆಲ್ಲಾ ಬಳಸ್ಕೊಳ್ಳಿ. ಬೀರು ಪಕ್ಕಕ್ಕೆ, ಫ್ರಿಜ್ ಪಕ್ಕಕ್ಕೆ ಅಂಟ್ಸಿ, ಬಾಗಿಲ ಮೇಲಂಚಿಗೆ ಸಿಕ್ಕಿಸೋ ಸ್ಟೀಲ್ ಹ್ಯಾಂಗರ್ ಬರತ್ತೆ, ಕಿಟಕಿ ಕಂಬಿಗೆ ಎಸ್ ಆಕಾರದ ಕೊಂಡಿ ಹಾಕಿದ್ರೆ ಬುಟ್ಟಿ ಚೀಲ ಎಲ್ಲಾ ತೂಗತ್ತೆ, ಹಳೇ ಮನೇಲಿ ಗೋಡೆಗೆ ಹೊಡೆದ ಮರದ ಗೂಟ ಇದ್ರಂತೂ ನೀವೇ ಪುಣ್ಯವಂತರು.

ತೆಗೆಯೋದು ಕೊನೇ ಕೆಲ್ಸ, ಓನರ್ ಜೊತೆ ಮನಸ್ತಾಪ ಆಗೋದೂ ಇಲ್ಲೇ. ಕೆಳಗೆ ಬಾಲ ಇರೋ ಎಳೆಯೋ ಪಟ್ಟಿ ಆದ್ರೆ, ಹುಕ್ಕನ್ನ ಒಂದು ಕೈಲಿ ಮೆತ್ತಗೆ ಹಿಡ್ಕೊಂಡು ಬಾಲಾನ ಗೋಡೆಗೆ ಅಂಟ್ಕೊಂಡ ಹಾಗೇ ನೆಟ್ಟಗೆ ಕೆಳಕ್ಕೆ ನಿಧಾನವಾಗಿ ಎಳೀರಿ, ನಿಮ್ಮ ಕಡೆಗಲ್ಲ. ಒಂದಡಿಗಿಂತ ಜಾಸ್ತಿ ಉದ್ದ ಹಿಗ್ಗತ್ತೆ, ಹಿಗ್ತಾ ಹಿಗ್ತಾ ತೆಳುವಾಗಿ ಗೋಡೇನ ತಾನೇ ಬಿಟ್ಕೊಡತ್ತೆ, ಪೈಂಟಿಗೆ ಏನೂ ಆಗಲ್ಲ. ಮಧ್ಯದಲ್ಲಿ ತುಂಡಾದ್ರೆ ಗಾಬರಿ ಬೇಡ, ಹೇರ್ ಡ್ರೈಯರಿಂದ ಚೂರು ಬಿಸಿ ಮಾಡಿ, ಹುಕ್ಕಿನ ಹಿಂದೆ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಆ ಕಡೆ ಈ ಕಡೆ ಎಳೀರಿ. ಪಾರದರ್ಶಕ ಹುಕ್ಕಿಗೂ ಇದೇ ಉಪಾಯ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಟೈಲ್ಸ್ ಮೇಲೆ ಗಮ್ಮು ಉಳ್ಕೊಂಡ್ರೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದ್ರೆ ಬಿಡತ್ತೆ, ಪೈಂಟ್ ಗೋಡೆಗೆ ಮಾತ್ರ ಎಣ್ಣೆ ಹಚ್ಚಬೇಡಿ, ಕಲೆ ಉಳಿಯತ್ತೆ. ಎಳೆದು ತೆಗೆದ ಪಟ್ಟಿ ಮತ್ತೆ ಕೆಲ್ಸಕ್ಕೆ ಬರಲ್ಲ, ಪ್ಲಾಸ್ಟಿಕ್ ಹುಕ್ಕು ಬರತ್ತೆ, ಅದನ್ನ ಎಸೀಬೇಡಿ, ಪಟ್ಟಿ ಮಾತ್ರ ಬೇರೆ ಪ್ಯಾಕೆಟ್ ಸಿಗತ್ತೆ, ಮುಂದಿನ ಮನೆಗೆ ಹೋಗೋ ಮುಂಚೆ ತಂದಿಟ್ಕೊಳ್ಳಿ.